ದಾರಿ ಇಲ್ಲದ ಊರಿಗೆ ಅಜ್ಜಿ ಹೊರಟಿದ್ದು

ಮೀನುಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲವಂತೆ ಅದು. ಆಚೆ ದಂಡೆ ಕಾಣದಷ್ಟು ದೊಡ್ಡದೊಂದು ನೀರು, ಆ ನೀರಿನ ನಟ್ಟನಡುವೆ ಒಂದು ಊರು. ಆ ಊರಿಗೆ ದಾರಿಯೇ ಇರಲಿಲ್ಲ. ದೋಣಿ ಕಟ್ಟಿಕೊಂಡು ಹೋದವರನ್ನು ಅಲೆಗಳು ಎತ್ತಿ ತಂದು ಹೊರಟ ಜಾಗದಲ್ಲೇ ಬಿಡುತ್ತಿದ್ದವು. ಈಜಿಕೊಂಡು ಹೋದವರನ್ನು ಮೀನುಗಳು ಬೆನ್ನ ಮೇಲೆ ಹೊತ್ತು ತಂದು ಬಿಡುತ್ತಿದ್ದವು. ಹಕ್ಕಿಗಳಿಗೆ ಮಾತ್ರ ಅಲ್ಲಿ ಅಪ್ಪಣೆ. ಅದೂ ಎಲ್ಲ ಹಕ್ಕಿಗಳಿಗಲ್ಲ. ಒಂದು ದಿನ ಒಂದು ಗಿಡುಗ ಬಂದು, ನನ್ನನ್ನು ಕೇಳುವವರು ಯಾರು ಅಂತ ನೇರ ಇಳಿಯಹೋಯಿತು. ಊರು ಮೈ ಕೊಡವಿತು. ಗಿಡುಗ ನೀರಿಗೆ ಬಿತ್ತು. ಆಮೇಲೊಂದು ಗುಬ್ಬಿ ಬಂತು. ಎತ್ತರದಲ್ಲಿ ಒಂದು ಸುತ್ತು ಹಾಕಿ, "ಅವ್ವಾ, ಇಳೀಲಾ?" ಅಂತ ಕೇಳಿತು. ಊರು ಮಾತಾಡಲಿಲ್ಲ. ಕೊಂಚ ಕೆಳಗೆ ಬಂದು ಮತ್ತೆ ಕೇಳಿತು. ಆಗಲೂ ಇಲ್ಲ. ಇನ್ನಷ್ಟು ಕೆಳಗೆ ಬಂದು ಇನ್ನೊಮ್ಮೆ ಕೇಳಿದಾಗ ಊರು ಮೆಲ್ಲಗೆ ಅಂಗೈ ಚಾಚಿತು.

ಈ ಕಥೆ ಹೇಳಿದವಳು ನನ್ನ ಅಪ್ಪನ ಅಮ್ಮ, ಸುವರ್ಣಮ್ಮಜ್ಜಿ. ಹೇಳಿದ್ದು ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ, ನಮ್ಮ ಅಡುಗೆಮನೆಯಲ್ಲಿ. ಹೊರಗೆ ಹಿಮ ತೆಗೆಯುವ ಗಾಡಿ ಗೊರಗೊರ ಅನ್ನುತ್ತಿತ್ತು. ಅಜ್ಜಿ ನನಗೆ ಅನ್ನ ಸಾರು ಕಲಸಿ ತುತ್ತು ಮಾಡಿ ತಿನ್ನಿಸುತ್ತಿದ್ದಳು.

"ಆ ಊರಲ್ಲಿ ಏನಿದೆ ಅಜ್ಜಿ?"

"ಹೋಗಿ ನೋಡಿದವರು ಯಾರು? ಬಾಯಿ ತೆಗಿ."

"ನೀನು ಹೋಗಿಲ್ವಾ?"

"ನಂಗೇನು ರೆಕ್ಕೆ ಇದ್ಯಾ? ಬಾಯಿ ತೆಗಿ ಅಂದೆ."

"ನಾನು ಕರ್ಕೊಂಡು ಹೋಗ್ತೀನಿ."

ಅಜ್ಜಿ ಅಗುಳು ಅಂಟಿದ ಅಂಗೈಯನ್ನು ನನ್ನ ಮುಂದೆ ಚಾಚಿದಳು. "ಭಾಷೆ ಕೊಡು." ನಾನು ಎಡಗೈ ಇಟ್ಟೆ. ಅದರ ಮೇಲೊಂದು ಏಟು ಬಿತ್ತು. ಬಲಗೈ ಇಟ್ಟೆ.

ಅಜ್ಜಿ ಮೈಸೂರಿಗೂ ನಮ್ಮ ಮನೆಗೂ ಹೋಗಿಬಂದು ಮಾಡುತ್ತಲೇ ಇದ್ದಳು. ಮೈಸೂರಿನಲ್ಲಿದ್ದಾಗ ಫೋನಿನಲ್ಲಿ, ಊಟ ಆಯ್ತಾ ಅಂತ ಕೇಳಿದ ಮೇಲೆ, "ಇಂದೂ ಮರಿ, ದಾರಿ ಇಲ್ಲದ ಊರು ಸಿಕ್ತೇನೇ?" ಅಂತ ಕೇಳುವುದು ಅವಳ ರೂಢಿ. ನಾನು ಕಾಲೇಜು ಮುಗಿಸಿ ಪಕ್ಕದ ನೋವೈ ಊರಿನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆದೆ. ಸಂಬಳದಲ್ಲಿ ವಿಮಾನ ಹಾರಿಸುವುದನ್ನು ಕಲಿತೆ. ಕಲಿಸಿದವರು ಶ್ರೀಧರ್ ಅಂಕಲ್, ಗದಗಿನವರು. ಮೂವತ್ತು ವರ್ಷದಿಂದ ಇಲ್ಲಿದ್ದರೂ ಅವರ ಮಾತು ಗದಗ ಬಿಟ್ಟು ಕದಲಿಲ್ಲ. ಒಂದು ದಿನ ಅವರು ನಕ್ಷೆಯ ಮೇಲೆ, ಮಿಷಿಗನ್ ಸರೋವರದ ನೀಲಿಯ ನಡುವೆ, ಎಳ್ಳುಕಾಳಿನಷ್ಟು ದೊಡ್ಡದೊಂದು ದ್ವೀಪ ತೋರಿಸಿದರು. ಮನೆಗಳಿಲ್ಲ, ರಸ್ತೆಯಿಲ್ಲ, ಹಡಗು ನಿಲ್ಲುವ ಕಟ್ಟೆಯಿಲ್ಲ. ಇರುವುದು ಮರಗಳ ನಡುವೆ ಹುಲ್ಲಿನ ಒಂದು ಪಟ್ಟಿ. ಹಾರುವ ಹುಚ್ಚಿನ ಕೆಲವರು ಸೇರಿ ಅದರ ಹುಲ್ಲು ಕತ್ತರಿಸಿ, ಬಿದ್ದ ಕೊಂಬೆ ಎತ್ತಿ, ಇಳಿಯುವಂತೆ ಇಟ್ಟಿದ್ದಾರೆ.

ನಕ್ಷೆಯಲ್ಲಿ ಅದಕ್ಕೇನೋ ಇಂಗ್ಲಿಷ್ ಹೆಸರಿತ್ತು. ನಾನು ಅವತ್ತೇ ಮೈಸೂರಿಗೆ ಫೋನ್ ಮಾಡಿ, "ಅಜ್ಜಿ, ಸಿಕ್ತು," ಅಂದೆ.

ಸಿಕ್ಕಿದ ಕೂಡಲೇ ಹೋಗುವುದಲ್ಲ. ಅಂಥ ಜಾಗಗಳಲ್ಲಿ ಇಳಿಯುವುದೇ ಬೇರೆ ವಿದ್ಯೆ. ಟವರ್ ಇಲ್ಲ, ದೀಪವಿಲ್ಲ, ತಪ್ಪಿದರೆ ಓಡಿ ಬರುವ ಗಾಡಿಯಿಲ್ಲ. ಎರಡು ಬೇಸಿಗೆ ಶ್ರೀಧರ್ ಅಂಕಲ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿ ಇಳಿಸಿದರು, ಏಳಿಸಿದರು, ಬೈದರು.

"ಇಳಿಯೂದು ಯಾರು ಬೇಕಾದ್ರೂ ಇಳಿತಾರವಾ ತಂಗಿ. ಹೊಳ್ಳಿ ಹೆಂಗ ಏಳ್ತಿ, ಅದನ್ನ ಮೊದಲ ಹೇಳು." ಇಳಿಯಲು ಸಾಕಾಗುವ ಹುಲ್ಲು ಏಳಲು ಸಾಲದು. ಭಾರ ಜಾಸ್ತಿಯಾದಷ್ಟೂ ಓಡಬೇಕಾದ ದೂರ ಜಾಸ್ತಿ, ಒದ್ದೆ ಹುಲ್ಲಾದರೆ ಮತ್ತೂ ಜಾಸ್ತಿ, ಕೊನೆಯಲ್ಲಿ ಮರಗಳು ಕಾಯುತ್ತಾ ನಿಂತಿರುತ್ತವೆ. ಪಟ್ಟಿಯ ಆರಂಭದಲ್ಲಿ ಎಡಕ್ಕೊಂದು ಒಂಟಿ ಬರ್ಚ್ ಮರವಿದೆ, ಸುಣ್ಣ ಬಳಿದಂತೆ ಬೆಳ್ಳಗೆ. "ಆ ಮರದ ಹಂತ್ಯಾಕ ಬಂದಾಗ ಎಲ್ಲಾ ನೆಟ್ಟಗಿರಬೇಕು. ಒಂದರ ಸೊಟ್ಟ ಇತ್ತಂದ್ರ ಎದ್ದು ಬಾ. ಅಲ್ಲೆ ಕುಂತು ವಿಚಾರ ಮಾಡಾಕ ಹೋಗಬ್ಯಾಡ." ಇನ್ನೊಂದು ದಿನ, ಅಜ್ಜಿಗೆ ಕೊಟ್ಟ ಭಾಷೆಯ ವಿಷಯ ಕೇಳಿ ಹೇಳಿದರು: "ವಿಮಾನದಾಗ ಎಲ್ಲಕ್ಕಿಂತ ವಜ್ಜ ಆಗೂದು ಕೊಟ್ಟ ಮಾತು, ನೋಡವಾ. ಅದನ್ನ ತೂಕದ ಕಾಂಟಾದ ಮ್ಯಾಲೆ ಇಡಾಕ ಬರೂದಿಲ್ಲ."

ಈ ವರ್ಷ ಅಜ್ಜಿ ಏಪ್ರಿಲ್‌ನಲ್ಲಿ ಬಂದಳು. ಬಂದವಳೇ, ಮಂಡಿ ಇನ್ನು ಇಷ್ಟು ದೂರದ ಪ್ರಯಾಣ ತಡೆಯುವುದಿಲ್ಲ, ಇದೇ ಕೊನೆ ಸಲ ಅಂದಳು. ಅಕ್ಟೋಬರ್ ಮೊದಲ ಮಂಗಳವಾರ ಅವಳ ಟಿಕೆಟ್. ಬೇಸಿಗೆಯಿಡೀ ಒಂದಲ್ಲ ಒಂದು ಅಡ್ಡಿ. ಒಂದು ವಾರಾಂತ್ಯ ಮೋಡ, ಇನ್ನೊಂದು ವಾರಾಂತ್ಯ ಅಜ್ಜಿಗೆ ಶೀತ, ಮತ್ತೊಂದು ಸಲ ದ್ವೀಪದ ಮೇಲೆ ಮಂಜು. ಕೊನೆಗೆ ಉಳಿದದ್ದು ಸೆಪ್ಟೆಂಬರ್ ಕೊನೆಯ ಒಂದೇ ಒಂದು ಭಾನುವಾರ. ಬೆಳಿಗ್ಗೆ ಗಾಳಿ ಮಲಗಿರುತ್ತದೆ, ಮಧ್ಯಾಹ್ನ ಪಶ್ಚಿಮದಿಂದ ಏಳುತ್ತದೆ ಅಂತ ಮುನ್ಸೂಚನೆ.

ಹಿಂದಿನ ದಿನ ಅಜ್ಜಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲು ಪಟ್ಟ ಪಾಡು ಹೇಳತೀರದು.

"ನಾನೇನು ಮೂಟೆನಾ? ಯಾರ ಮುಂದೆ ಹೇಳ್ತೀಯ ಇದನ್ನ?"

"ಯಾರಿಗೂ ಹೇಳಲ್ಲ ಅಜ್ಜಿ. ವಿಮಾನಕ್ಕೆ ಮಾತ್ರ."

"ಆ ವಿಮಾನ ಯಾರಿಗಾದ್ರೂ ಹೇಳಿದ್ರೆ?"

ಸ್ವೆಟರು, ಶಾಲು, ಬೂಟು ಎಲ್ಲ ಹಾಕಿಸಿಯೇ ತೂಗಿದೆ. ಲೆಕ್ಕ ಹಾಕಿದೆ. ಪೆಟ್ರೋಲು ಎಷ್ಟು, ನಾವಿಬ್ಬರು ಎಷ್ಟು, ಲೈಫ್ ಜಾಕೆಟ್ ಎಷ್ಟು. ನೀರಿನ ಬಾಟಲಿಯನ್ನೂ ಬಿಡಲಿಲ್ಲ. ಹುಲ್ಲು ಸಾಕು, ಮಿಗುತ್ತದೆ. ರಾತ್ರಿ ಮನೆಯವರಿಗೆಲ್ಲ ಹೇಳಿದೆ: ಇದರ ಮೇಲೆ ಏನೂ ಇಲ್ಲ. ಒಂದು ಚೀಲವೂ ಇಲ್ಲ. ಎಲ್ಲರೂ ತಲೆಯಾಡಿಸಿದರು. ಅಷ್ಟು ಸುಲಭವಾಗಿ ಎಲ್ಲರೂ ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಏರ್‌ಪೋರ್ಟಿಗೆ ಅಪ್ಪ, ಅಮ್ಮ ಇಬ್ಬರೂ ಬಂದರು. ಪಾಂಟಿಯಾಕಿನ ಆಚೆ, ಸಣ್ಣ ವಿಮಾನಗಳಷ್ಟೇ ನಿಲ್ಲುವ ಜಾಗ ಅದು. ನಮ್ಮ ಕ್ಲಬ್ಬಿನ ವಿಮಾನಕ್ಕೆ ನಾಲ್ಕು ಸೀಟು. ರೆಕ್ಕೆ ತಲೆಯ ಮೇಲಿರುವುದರಿಂದ ಕೂತವರಿಗೆ ಕೆಳಗಿನದೆಲ್ಲ ಕಾಣುತ್ತದೆ. ನಾನು ಅದರ ಸುತ್ತ ಹೋಗಿ ಟೈರು, ಎಣ್ಣೆ, ರೆಕ್ಕೆಯ ಕೀಲು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಆಮೇಲೆ ಕೊನೆಯ ಸಲ ಹವಾಮಾನ ನೋಡಲು ಒಳಗೆ ಹೋಗಿ ಬಂದೆ. ಅಷ್ಟರಲ್ಲಿ ಅಪ್ಪ ಅಜ್ಜಿಯನ್ನು ಹತ್ತಿಸಿ ಬೆಲ್ಟ್ ಹಾಕಿಸಿದ್ದ. ಹಳದಿ ಲೈಫ್ ಜಾಕೆಟ್ಟಿನ ಕೆಳಗೆ ಮೈಸೂರು ಸಿಲ್ಕಿನ ಹಸಿರು ಸೀರೆ, ತಲೆಯ ಮೇಲೆ ಹೆಡ್‌ಸೆಟ್ಟು, ಕಿವಿಯ ವಾಲೆ ಅದರಡಿ ಸಿಕ್ಕಿಕೊಂಡು ಅಜ್ಜಿ ಮುಖ ಸಿಂಡರಿಸಿದ್ದಳು.

"ಹೋಗಿ ಬನ್ನಿ ಅತ್ತೆ, ಹುಷಾರು," ಅಂತ ಅಮ್ಮ ಯಾಕೋ ನನ್ನ ಕಣ್ಣು ತಪ್ಪಿಸಿ ಹೇಳಿದಳು.

ರನ್‌ವೇ ಮೇಲೆ ಓಡುವಾಗಲೇ ಗೊತ್ತಾಯಿತು. ಪ್ರತಿ ಸಲ ವಿಮಾನ ಏಳುವ ಜಾಗ ನನಗೆ ಬಾಯಿಪಾಠ. ಎಡಕ್ಕೆ ಎರಡನೆಯ ತಿರುವು ಬರುವ ಮುಂಚೆ ಚಕ್ರ ನೆಲ ಬಿಟ್ಟಿರುತ್ತದೆ. ಅವತ್ತು ಆ ತಿರುವು ಬಂತು, ಹೋಯಿತು, ಚಕ್ರ ಇನ್ನೂ ನೆಲದಲ್ಲೇ. ಉದ್ದದ ರನ್‌ವೇ, ಹೆದರುವಂಥದ್ದೇನಿಲ್ಲ. ಕೊನೆಗೆ ಎದ್ದಿತು. ಎದ್ದ ಮೇಲೆ ಮೂಗು ತಾನಾಗಿಯೇ ಮೇಲೆ ಮೇಲೆ ಹೋಗತೊಡಗಿತು, ಬಾಲವನ್ನು ಯಾರೋ ಕೆಳಗೆ ಜಗ್ಗುತ್ತಿರುವ ಹಾಗೆ. ನಾನು ಅದನ್ನು ಕೆಳಗೆ ಒತ್ತಿ ಹಿಡಿದೆ.

"ಅಜ್ಜಿ, ಹಿಂದೆ ಏನಾದ್ರೂ ಇಟ್ಟಿದೀಯಾ?"

"ಏನಿಲ್ವಲ್ಲಮ್ಮ."

"ಅಜ್ಜಿ."

"ಒಂದು ಸ್ವಲ್ಪ ಅಕ್ಕಿ."

"ಎಷ್ಟು ಸ್ವಲ್ಪ?"

ಅಜ್ಜಿ ಕಿಟಕಿಯ ಕಡೆ ತಿರುಗಿದಳು. "ಅಗೋ, ಎಷ್ಟು ಚಿಕ್ಕ ಚಿಕ್ಕ ಮನೆಗಳು."

ನಾನು ಮರುಮಾತಾಡದೆ ತಿರುಗಿಸಿ, ಒಂದು ಸುತ್ತು ಹಾಕಿ, ಹೊರಟಲ್ಲೇ ಇಳಿದೆ. ಬಾಲದಲ್ಲಿ ಏನಿದೆ ಅಂತ ಗೊತ್ತಿಲ್ಲದ ವಿಮಾನವನ್ನು ನೀರಿನ ಮೇಲೆ ಒಯ್ಯುವವಳಲ್ಲ ನಾನು. ಅಪ್ಪ ಇನ್ನೂ ಬೇಲಿಯ ಹತ್ತಿರ ಫೋನಿನಲ್ಲಿ ವಿಡಿಯೋ ಮಾಡುತ್ತಾ ನಿಂತಿದ್ದ. ಅವನ ಪಕ್ಕದಲ್ಲಿ ಈಗ ಶ್ರೀಧರ್ ಅಂಕಲ್ ಬೇರೆ.

ಸಾಮಾನಿಡುವ ಪುಟ್ಟ ಬಾಗಿಲು ತೆಗೆದು, ಮೇಲೆ ಹೊದೆಸಿದ್ದ ಕಂಬಳಿ ಎಳೆದೆ. ಒಂದು ಚೀಲದಲ್ಲಿ ಸೋನಾ ಮಸೂರಿ, ಇಡೀ ಇಪ್ಪತ್ತು ಪೌಂಡಿನದು. ಅದರ ಮೇಲೆ ಎರಡು ತೆಂಗಿನಕಾಯಿ, ಬೆಲ್ಲದ ಅಚ್ಚು, ಒಂದು ರವಿಕೆ ಕಣ. ಅದರ ಪಕ್ಕ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್, ಪುಳಿಯೋಗರೆ ಎಣ್ಣೆ ಜಿನುಗುತ್ತಿದೆ. ಅದರ ಹಿಂದೆ ಮಡಚುವ ಕುರ್ಚಿ. ಕುರ್ಚಿಯ ಹಿಂದೆ ಐಸು ತುಂಬಿದ ಕೂಲರ್.

"ಇದೆಲ್ಲ ಯಾರು ಇಟ್ಟಿದ್ದು?"

"ಅಕ್ಕಿ ನಂದು," ಅಂದಳು ಅಜ್ಜಿ, ಇನ್ನೂ ಸೀಟಿನಿಂದಲೇ. "ಮೊದಲ ಸಲ ಹೋಗ್ತಿರೋ ಊರು. ಬರಿಗೈಲಿ ಹೋಗಕ್ಕಾಗತ್ತಾ? ಮಡಿಲಕ್ಕಿ ಕೊಡ್ದೇ ಹೋದ್ರೆ ಆ ಊರು ಏನಂದ್ಕೊಳತ್ತೆ?"

"ಅಲ್ಲಿ ಯಾರೂ ಇಲ್ಲ ಅಜ್ಜಿ!"

"ಊರೇ ಇದ್ಯಲ್ಲ."

"ಕ್ಯಾರಿಯರ್ ನಾನಿಟ್ಟೆ," ಅಂದಳು ಅಮ್ಮ. "ಅಕ್ಕಿ ಇಟ್ಟಿದಾರೆ ಅಂತ ನಂಗೇನು ಗೊತ್ತು? ಹಸಿದುಕೊಂಡು ಬರ್ತಾರಲ್ಲ ಅಂತ ಇದೊಂದೇ ಇಟ್ಟೆ."

ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಪ್ಪ, ಅಂದರೆ ಗಿರೀಶ, ಕಾರು ಕಂಪನಿಯ ಎಂಜಿನಿಯರ್. ಕಾರಿನ ಬಾಗಿಲಿನಿಂದ ಅರ್ಧ ಪೌಂಡ್ ತೂಕ ಇಳಿಸಲು ಎರಡೆರಡು ವರ್ಷ ಮೀಟಿಂಗ್ ಮಾಡುವುದೇ ಅವನ ಉದ್ಯೋಗ.

"ಕುರ್ಚಿ..." ಅಂದ ಅಪ್ಪ. "ಅಮ್ಮಂಗೆ ಮಂಡಿ ನೋವು. ಅಲ್ಲಿ ಕೂರಕ್ಕೆ ಬೇಡ್ವಾ? ಅದೊಂದೇ ಇಟ್ಟೆ. ಆಮೇಲೆ ಬಿಸಿಲಿದ್ಯಲ್ಲ ಅಂತ ಕೂಲರ್."

"ಅಪ್ಪಾ, ನೀನಾ!"

"ಭಲೆ ಗಿರೀಶ್ ಅವ್ರ," ಅಂದರು ಶ್ರೀಧರ್ ಅಂಕಲ್. "ನಿಮ್ಮ ಕಾರಿಗೂ ಹಿಂಗ ಒಂದೊಂದ ಇಟ್ಟು ಕಳಿಸ್ರಿ. ಮೀಟಿಂಗ್ ಲಗೂನ ಮುಗಿತಾವ."

ಅಪ್ಪ ತಾನೇ ಬಗ್ಗಿ ಒಂದೊಂದಾಗಿ ಇಳಿಸಿದ. ಅಕ್ಕಿ ಚೀಲ ಹೊರಬಂದಾಗ ಅಜ್ಜಿ, ಗಂಡನ ಮನೆಗೆ ಹೋಗುವ ಮಗಳನ್ನು ನೋಡುವ ಹಾಗೆ ಅದನ್ನೇ ನೋಡುತ್ತಿದ್ದಳು. ನಾನು ಮತ್ತೆ ಎಲ್ಲವನ್ನೂ ಪರೀಕ್ಷಿಸಿದೆ. ಸೀಟಿನಡಿ, ಕಂಬಳಿಯಡಿ, ಕೊನೆಗೆ ಅಜ್ಜಿಯ ಮಡಿಲು ಕೂಡ. ಈ ಗಲಾಟೆಯಲ್ಲಿ ಗಾಳಿ ಮಲಗಿರುವ ಬೆಳಗಿನ ಹೊತ್ತು ಒಂದಷ್ಟು ನಮ್ಮ ಕೈತಪ್ಪಿ ಹೋಗಿತ್ತು. ಶ್ರೀಧರ್ ಅಂಕಲ್ ಬಾಗಿಲ ಹತ್ತಿರ ಬಂದು, ಬೇರೆ ಶಿಷ್ಯರಿಗೆ ಹೇಳುವಾಗಿನ ಗತ್ತಿಲ್ಲದೆ, ಮೆತ್ತಗೆ ಕೇಳಿದರು.

"ಗಾಳಿ ಎದ್ದಿದ್ರ?"

"ವಾಪಸ್ ಬರ್ತೀನಿ ಅಂಕಲ್."

"ಅಜ್ಜಿ ಅಳಾಕ ಹತ್ತಿದ್ರ?"

ನಾನು ಬೆಲ್ಟು ಬಿಗಿದುಕೊಂಡೆ. ಅವರು ಬಾಗಿಲು ಹಾಕಿದರು.

ಈ ಸಲ ಎರಡನೆಯ ತಿರುವಿಗೆ ಮುಂಚೆಯೇ ಚಕ್ರ ನೆಲ ಬಿಟ್ಟಿತು.

ಮಿಷಿಗನ್ ರಾಜ್ಯವನ್ನು ನೀವು ಹೆದ್ದಾರಿಯಿಂದ ಮಾತ್ರ ನೋಡಿದ್ದರೆ ನೋಡಿಲ್ಲ ಅಂತಲೇ ಲೆಕ್ಕ. ಬಡಾವಣೆಗಳ ಸುತ್ತು ರಸ್ತೆಗಳು ಕೆಳಗೆ ರಂಗೋಲಿಯ ಎಳೆಗಳಾದವು, ಆಮೇಲೆ ಹೊಲಗಳಾದವು, ಆಮೇಲೆ ಕಾಡು. ಕಾಡು ಅಂದರೆ ಸೆಪ್ಟೆಂಬರ್ ಕೊನೆಯ ಕಾಡು. ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಮರ ಕುಂಕುಮದ ಬಟ್ಟಲು ಉರುಳಿಸಿಕೊಂಡ ಹಾಗೆ ನಿಂತಿತ್ತು. ಅಜ್ಜಿ ಮೊದಮೊದಲು ಸೀಟಿನ ಅಂಚು ಹಿಡಿದುಕೊಂಡಿದ್ದಳು. ಯಾವಾಗ ಬಿಟ್ಟಳೋ ಗೊತ್ತಿಲ್ಲ. ಕೆರೆಗಳನ್ನು ಎಣಿಸಲು ಶುರುಮಾಡಿ, ಸೋತು, "ದೇವರು ನೀರು ಹೊತ್ಕೊಂಡು ಹೋಗ್ತಾ ಇಲ್ಲೆಲ್ಲೋ ಎಡವಿದಾನೆ," ಅಂದಳು.

ಆಮೇಲೆ ಕಾಡು ಮುಗಿದು ಮರಳಿನ ದಿಬ್ಬಗಳು ಬಂದವು. ಅವುಗಳಾಚೆ ಮಿಷಿಗನ್ ಸರೋವರ.

ದಂಡೆಯ ಹತ್ತಿರ ನೀರು ಗಾಜಿನ ಬಳೆಯ ಹಸಿರು, ತಳದ ಮರಳಿನ ಗೆರೆಗಳು ಕೂಡ ಕಾಣುವಷ್ಟು ತಿಳಿ. ಅಲ್ಲಿಂದ ಮುಂದೆ ಕತ್ತರಿಸಿದ ಹಾಗೆ ಒಮ್ಮೆಗೇ ಕಡುನೀಲಿ. ಅದರಾಚೆ ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಹೇಳಲು ಗೆರೆಯೇ ಇರಲಿಲ್ಲ.

"ಇದನ್ನ ಕೆರೆ ಅಂತಾರಾ ಇವರು?" ಅಜ್ಜಿಯ ದನಿ ಹೆಡ್‌ಸೆಟ್ಟಿನಲ್ಲಿ ಸಣ್ಣಗೆ ಕೇಳಿಸಿತು. "ಆಚೆ ದಂಡೆ ಕಾಣದೇ ಇರೋದನ್ನ?"

ನೀರಿನ ಮೇಲೆ ಹೋಗುವ ಮೊದಲು ನಾನು ಎತ್ತರಕ್ಕೆ ಏರಿದೆ. ಎಂಜಿನ್ ನಿಂತರೂ ತೇಲಿಕೊಂಡು ಈ ದಂಡೆಗೋ ಆ ದ್ವೀಪಕ್ಕೋ ಮುಟ್ಟುವಷ್ಟು ಎತ್ತರ. ಅಜ್ಜಿಗೆ ಹಾಗಂತ ಹೇಳಿದೆ.

"ಎಂಜಿನ್ ಯಾಕೆ ನಿಲ್ಲತ್ತೆ?"

"ನಿಲ್ಲಲ್ಲ. ನಿಂತ್ರೆ ಅಂತ."

"ಹಾಂ. ಮದುವೆಗೆ ಒಂದು ಸೇರು ಅಕ್ಕಿ ಜಾಸ್ತಿ ಹಾಕ್ತೀವಲ್ಲ, ಹಾಗೆ."

ದ್ವೀಪ ಕಂಡಿತು. ಮೊದಲು ಒಂದು ನೆರಳು, ಆಮೇಲೆ ನೀರಿನ ಮೇಲೆ ತೇಲುವ ಪಾಚಿಯ ತುಣುಕು. ಹತ್ತಿರವಾದ ಹಾಗೆ ಅದರ ಸುತ್ತ ಬಿಳಿ ಮರಳಿನ ಅಂಚು, ಒಳಗೆ ದಟ್ಟ ಮರಗಳು, ಮರಗಳ ನಡುವೆ ಬೈತಲೆ ತೆಗೆದ ಹಾಗೆ ಹುಲ್ಲಿನ ಪಟ್ಟಿ. ಅಜ್ಜಿ ಉಸಿರು ಒಳಗೆಳೆದುಕೊಂಡಿದ್ದು ಕೇಳಿಸಿತು. ಬಿಟ್ಟಿದ್ದು ಕೇಳಿಸಲಿಲ್ಲ.

ನಾನು ರೇಡಿಯೋದಲ್ಲಿ, ಇಂಥ ವಿಮಾನ, ಇಷ್ಟು ಎತ್ತರ, ದ್ವೀಪದ ಮೇಲೆ ಸುತ್ತುತ್ತಿದ್ದೇನೆ ಅಂತ ಹೇಳಿದೆ.

"ಯಾರ ಹತ್ರ ಮಾತಾಡ್ತಿದೀಯ?"

"ಯಾರೂ ಇಲ್ಲ. ಇದ್ರೆ ಕೇಳಿಸ್ಲಿ ಅಂತ."

"ಸರಿ ಮತ್ತೆ. ಹೇಳದೇ ಕೇಳದೇ ಹೋಗಬಾರದು."

ಮೊದಲ ಸುತ್ತು ಎತ್ತರದಿಂದ. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲದ ಕಿತ್ತಳೆ ಬಾಲ ಪಶ್ಚಿಮದ ಗಾಳಿಗೆ ಅರ್ಧ ಎದ್ದಿತ್ತು. ಪಟ್ಟಿಯ ನಡುವೆ ಬೂದುಬಣ್ಣದ ಕಲ್ಲುಗಳು ಸಾಲಾಗಿ ಬಿದ್ದಿದ್ದವು. ಹಿಂದಿನ ಸಲ ಬಂದಾಗ ಅಲ್ಲಿ ಕಲ್ಲುಗಳಿರಲಿಲ್ಲ. ಎರಡನೆಯ ಸಲ ತಗ್ಗಿನಲ್ಲಿ, ಪಟ್ಟಿಯ ಒಂದು ಪಕ್ಕಕ್ಕೆ, ಹುಲ್ಲು ನೋಡಿಕೊಂಡು ಸಾಗಿದೆ. ಕಲ್ಲುಗಳು ಕತ್ತೆತ್ತಿದವು.

ಕೊಕ್ಕರೆಗಳು. ಎದೆಯೆತ್ತರದ, ನೆತ್ತಿಯ ಮೇಲೆ ಕೆಂಪು ಬೊಟ್ಟಿನ ದೊಡ್ಡ ಕೊಕ್ಕರೆಗಳು, ಚಳಿಗೆ ಮುಂಚೆ ದಕ್ಷಿಣಕ್ಕೆ ಹೊರಟಿದ್ದವು, ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದವು. ನಾವು ದೂರ ಸರಿದು ಮೇಲೆದ್ದೆವು. ಅವು ಎರಡು ಹೆಜ್ಜೆ ಓಡಿ, ರೆಕ್ಕೆ ಬಿಚ್ಚಿ, ಒಂದರ ಹಿಂದೊಂದು ಎದ್ದು ದ್ವೀಪದ ಆಚೆ ಅಂಚಿಗೆ ತೇಲಿಹೋದವು. ಅವುಗಳ ನೆರಳು ಹಸಿರು ನೀರಿನ ತಳದ ಮರಳಿನ ಮೇಲೆ ಬಿದ್ದು ಹರಿಯುತ್ತಿತ್ತು. ಅಂಥದ್ದನ್ನು ನಾನು ಕಂಡಿರಲಿಲ್ಲ, ಇನ್ನು ಕಾಣುತ್ತೇನೆ ಅಂತಲೂ ಅನ್ನಿಸುವುದಿಲ್ಲ. ಅಜ್ಜಿ ಎರಡೂ ಕೈ ಮುಗಿದಿದ್ದಳು. ಯಾರಿಗೆ ಅಂತ ಅವಳಿಗೂ ಗೊತ್ತಿರಲಿಕ್ಕಿಲ್ಲ.

ದಾರಿ ತೆರವಾಯಿತು. ನಾನು ನೀರಿನ ಮೇಲಿನಿಂದ ತಿರುಗಿ, ವೇಗ ತಗ್ಗಿಸಿ, ಪಟ್ಟಿಗೆ ನೇರವಾದೆ. ಗಾಳಿ ಎಡಗಡೆಯಿಂದ ತಳ್ಳುತ್ತಿತ್ತು. ಎಡರೆಕ್ಕೆ ತಗ್ಗಿಸಿ ತಡೆದೆ. ಎಲ್ಲ ಸರಿಯಾಗಿತ್ತು. ಅಲೆಗಳು ದೊಡ್ಡದಾದವು, ಬಿಳಿ ಮರಳು ಕೆಳಗೆ ಸರಿಯಿತು. ಆಗ ಮರಗಳ ಕಡೆಯಿಂದ ಗಾಳಿಯ ಒಂದು ಹೊಡೆತ ಬಂದು ನಮ್ಮನ್ನು ಎತ್ತಿ ಬಲಕ್ಕೆ ಸರಿಸಿತು. ನಾನು ಎಳೆದು ತಂದೆ. ಬರ್ಚ್ ಮರ ಎದುರಾಯಿತು. ನಾವಿನ್ನೂ ಎತ್ತರದಲ್ಲೇ ಇದ್ದೆವು, ಪಟ್ಟಿಯ ನಡುಗೆರೆಯಿಂದ ಒಂಚೂರು ಪಕ್ಕಕ್ಕೂ ಇದ್ದೆವು.

ಒಂಚೂರೇ.

ಇಳಿದುಬಿಡು ಅಂತ ನನ್ನೊಳಗೆ ಒಂದು ದನಿ. ನಾಡಿದ್ದು ಅಜ್ಜಿ ಹೋಗುತ್ತಾಳೆ. ಮುಂದೆ ಇನ್ನೂ ಹುಲ್ಲಿದೆ, ಬ್ರೇಕ್ ಒತ್ತಿದರೆ ನಿಲ್ಲಬಹುದು. ಅಗುಳು ಅಂಟಿದ ಆ ಅಂಗೈ ಕಣ್ಣಿಗೆ ಬಂತು. ಆದರೆ ಬಲಗೈ ತಾನಾಗಿಯೇ ಎಂಜಿನ್ ವೇಗದ ಹಿಡಿ, ಥ್ರಾಟಲ್, ಮುಂದಕ್ಕೆ ಒತ್ತಿತು. ಎಂಜಿನ್ ಮೊರೆಯಿತು, ಹುಲ್ಲು ನಮ್ಮ ಹೊಟ್ಟೆಯಡಿ ಹರಿದು ಹಿಂದೆ ಹೋಯಿತು, ಮರಗಳ ತುದಿ ಬಂದವು, ಕೆಳಗಾದವು. ಮತ್ತೆ ಎಲ್ಲೆಡೆ ನೀರು.

ಪೆಟ್ರೋಲು ನೋಡಿದೆ. ಇನ್ನೊಂದು ಸಲ ನೋಡಿ, ಆಗದಿದ್ದರೆ ಮನೆಗೆ. ಅದಕ್ಕಿಂತ ಹೆಚ್ಚು ಕೂಡದು.

"ಯಾಕೆ ಎದ್ದೆ?" ಅಂದಳು ಅಜ್ಜಿ.

"ಸರಿ ಇರ್ಲಿಲ್ಲ ಅಜ್ಜಿ. ಇನ್ನೊಂದೇ ಸಲ ನೋಡ್ತೀನಿ."

ಅಜ್ಜಿ ಸ್ಟಿಯರಿಂಗ್ ಹಿಡಿದಿದ್ದ ನನ್ನ ಮಣಿಕಟ್ಟನ್ನು ಒಂದು ಬೆರಳಿನಿಂದ ಮುಟ್ಟಿದಳು, ಹಾಲು ಬಿಸಿಯಿದೆಯಾ ಅಂತ ನೋಡುವವರ ಹಾಗೆ.

"ಇಂದೂ ಮರಿ, ನಂಗೆ ಕೊಟ್ಟ ಭಾಷೆಗೋಸ್ಕರ ಇಳೀತಿದ್ರೆ ಬೇಡ ಕಣೇ. ಅದನ್ನ ನಿಂಗೆ ವಾಪಸ್ ಕೊಟ್ಟೆ. ಕಣ್ತುಂಬ ನೋಡಿದೆನಲ್ಲ. ಈಗ ನಿಂಗೂ ನಂಗೂ ಯಾವ ಬಾಕಿನೂ ಇಲ್ಲ. ಆಗತ್ತೆ ಅನ್ಸಿದ್ರೆ ಇಳಿ. ಇಲ್ಲಾಂದ್ರೆ ಮನೇಗೆ ನಡಿ, ಪುಳಿಯೋಗರೆ ಇದೆ."

ನನಗೆ ನಗು ಬಂತು. ಭುಜಗಳು ಕಿವಿಯವರೆಗೆ ಏರಿ ಕೂತಿದ್ದವು ಅಂತ ಅವು ಇಳಿದಾಗಲೇ ಗೊತ್ತಾಗಿದ್ದು.

ಈ ಸಲ ಇನ್ನೂ ದೂರದಿಂದ ತಿರುಗಿದೆ. ಗಾಳಿಯ ಹೊಡೆತ ಎಲ್ಲಿ ಬರುತ್ತದೆ ಅಂತ ಈಗ ಗೊತ್ತಿತ್ತು. ಮರಗಳ ಗೋಡೆಯಲ್ಲಿ ಒಂದು ಕಂಡಿಯಿದೆ, ಅಲ್ಲಿಂದ. ಅದಕ್ಕೆ ಮುಂಚೆಯೇ ರೆಕ್ಕೆಯನ್ನು ಗಾಳಿಗೆ ಒರಗಿಸಿ ಇಟ್ಟೆ. ಅಲೆಗಳು. ಮರಳು. ಹೊಡೆತ ಬಂತು, ವಿಮಾನ ಒಮ್ಮೆ ಅಲುಗಿ, ಹಿಡಿದ ದಾರಿಯಲ್ಲೇ ನಿಂತಿತು. ಬರ್ಚ್ ಮರ ಬಂದಾಗ ಅದರ ಎಲೆಗಳು ಒಂದೊಂದೂ ಕಾಣುವಷ್ಟು ಕೆಳಗಿದ್ದೆವು. ಪಟ್ಟಿ ನಮ್ಮ ಮೂಗಿನ ನೇರಕ್ಕೆ ಹಾಸಿಕೊಂಡಿತ್ತು. ಥ್ರಾಟಲ್ ಪೂರಾ ಹಿಂದೆಳೆದೆ. ಎಡಗಾಲಿ ಮೊದಲು ಹುಲ್ಲು ಮುಟ್ಟಿತು, ಆಮೇಲೆ ಬಲಗಾಲಿ, ಕೊನೆಗೆ ಮೂಗಿನದು. ಗಡಗಡ ಅಂತ ಉಬ್ಬುತಗ್ಗುಗಳ ಮೇಲೆ ಓಡಿದೆವು. ವೇಗ ಇಳಿಯಿತು, ಮತ್ತೂ ಇಳಿಯಿತು. ಮರಗಳು ಇನ್ನೂ ದೂರದಲ್ಲಿರುವಾಗಲೇ ನಿಂತೆವು.

ಎಂಜಿನ್ ನಿಲ್ಲಿಸಿದೆ. ಬ್ಲೇಡು ಟಕ್ ಟಕ್ ಅಂತ ಎರಡು ಸಲ ತಿರುಗಿ ನಿಂತಿತು.

ಆಗ ಬಂದ ನಿಶ್ಶಬ್ದವನ್ನು ಏನಂತ ಹೇಳಲಿ. ಅದು ಏನೂ ಕೇಳಿಸದಿರುವ ನಿಶ್ಶಬ್ದವಲ್ಲ. ದೂರದಲ್ಲಿ ನೀರು ಮರಳಿಗೆ ಬಡಿಯುವುದು ಕೇಳುತ್ತಿತ್ತು, ಎಲೆಗಳು ಒಂದಕ್ಕೊಂದು ತಾಗುವುದು ಕೇಳುತ್ತಿತ್ತು, ಬಿಸಿ ಎಂಜಿನ್ ತಣಿಯುತ್ತಾ ಚಿಟಿಕೆ ಹೊಡೆಯುವುದು ಕೇಳುತ್ತಿತ್ತು. ಇವೆಲ್ಲದರ ಹಿಂದೆ ಮನುಷ್ಯರದ್ದು ಅನ್ನುವ ಒಂದು ಸದ್ದೂ ಇರಲಿಲ್ಲ. ಹೆಡ್‌ಸೆಟ್ಟು ತೆಗೆದ ಅಜ್ಜಿ ಬಾಯಿ ತೆರೆದು, ಏನೋ ಹೇಳಹೋಗಿ, ಹೇಳದೆ ಮುಚ್ಚಿದಳು. ನನ್ನ ಇಪ್ಪತ್ತಾರು ವರ್ಷದಲ್ಲಿ ಅಜ್ಜಿಗೆ ಮಾತು ಸಿಗದೇ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಆ ಕಡೆಗೆ ಓಡಿಹೋಗಿ ಬಾಗಿಲು ತೆಗೆದೆ. ಮೆಟ್ಟಿಲು ಎತ್ತರ, ಅವಳ ಮಂಡಿ ಬಗ್ಗದು. ಕುರ್ಚಿಯಿದ್ದಿದ್ದರೆ ಅನ್ನಿಸದೆ ಇರಲಿಲ್ಲ. ಹುಲ್ಲಿನ ಮೇಲೆ ಮಂಡಿಯೂರಿ ನನ್ನ ತೊಡೆಯನ್ನೇ ಮುಂದೆ ಮಾಡಿದೆ.

"ಥೂ, ಹೆಣ್ಮಗಳ ತೊಡೆ ತುಳೀತಾರಾ?"

"ತುಳಿ ಅಜ್ಜಿ. ತೂಕ ಗೊತ್ತು ನಂಗೆ."

"ಯಾರಿಗಾದ್ರೂ ಹೇಳಿದ್ರೆ ನೋಡು."

ಅವಳು ಬೂಟು ಬಿಚ್ಚಿ ಸೀಟಿನ ಮೇಲಿಟ್ಟಳು. ಒಂದು ಕೈಯಲ್ಲಿ ರೆಕ್ಕೆಗೆ ಆಸರೆಯಾದ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ತಲೆಗೂದಲು. ನನ್ನ ತೊಡೆಯ ಮೇಲೆ ಅವಳ ಬಲಪಾದ, ತಣ್ಣಗೆ, ಒರಟಾಗಿ, ಎಷ್ಟು ಹಗುರ. ಎಡಪಾದ ಹುಲ್ಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಸ್ವಲ್ಪ ಹೊತ್ತು ತೂಗಾಡಿತು. ಅವಳು ಕೆಳಗೆ ನೋಡಲಿಲ್ಲ. ಮರಗಳನ್ನು, ಅವುಗಳ ಮೇಲಿನ ಬೆಳಕನ್ನು ನೋಡುತ್ತಿದ್ದಳು.

ಕಾಲು ಊರಿದಳು. ಆಮೇಲೆ ಇನ್ನೊಂದನ್ನು.